ಮಗುಚಿಟ್ಟ ಮುಚ್ಚಳ

ಅತ್ತೆ ಹಾಲಿನ ಪಾತ್ರೆಯನ್ನು ಅವಳ ಮೂಗಿನ ಕೆಳಗೆ ಹಿಡಿದು, "ನೋಡೇ, ನಿನ್ನೇದು, ಕೆಟ್ಟಿದ್ಯೋ ಏನೋ" ಎಂದಾಗ ಅವಳು ಮಗುವಿಗೆ ಮೊಲೆಯೂಡಿಸುತ್ತ ಕೂತಿದ್ದಳು. ಯಾರ ಹಾಲು, ಯಾವುದು ಕೆಟ್ಟಿರುವುದು, ಯಾರು ಯಾರನ್ನು ಕೇಳುತ್ತಿರುವುದು ಎಲ್ಲ ಒಂದು ಗಳಿಗೆ ಕಲಸುಮೇಲೋಗರವಾಯಿತು. ಆಮೇಲೆ ಅದು ಅಡುಗೆಮನೆಯ ಪಾತ್ರೆ, ನಿನ್ನೆಯ ಹಾಲು, ಫ್ರಿಜ್ಜು ಕೆಟ್ಟು ಕೂತಿರುವುದರಿಂದ ಅತ್ತೆ ಕೇಳುತ್ತಿದ್ದಾಳೆ, ಅಷ್ಟೆ ಎಂದು ಗೊತ್ತಾಯಿತು. ಮಗುವನ್ನು ಕದಲಿಸದೆ ಕತ್ತು ಮಾತ್ರ ಬಗ್ಗಿಸಿ ಮೂಸಿದಳು. "ಚೆನ್ನಾಗಿದೆ. ಆದ್ರೆ ಮಧ್ಯಾಹ್ನದೊಳಗೆ ಖರ್ಚು ಮಾಡ್ಬಿಡಿ, ಸಂಜೆಗೆ ಉಳಿಯಲ್ಲ." ಅತ್ತೆ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಈ ಮನೆಯಲ್ಲಿ ಹಾಲಿನ ವಿಷಯದಲ್ಲಿ ಅವಳ ಮೂಗು ಹೇಳಿದ್ದೇ ಕಡೆಯ ಮಾತು. ಮದುವೆಯಾಗಿ ಬಂದ ಹೊಸತರಲ್ಲಿ, ಸೊಸೆ ಡೇರಿಯಲ್ಲಿ ಮಾಡುವ ಕೆಲಸ ಏನೆಂದು ತಿಳಿದಾಗ, ಇದೇ ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡು "ಮೂಸೋದಕ್ಕೂ ಸಂಬಳ ಕೊಡ್ತಾರೇನೇ!" ಎಂದಿದ್ದಳು. ಆಮೇಲಾಮೇಲೆ ಅಕ್ಕಪಕ್ಕದವರ ಮುಂದೆ ಅದನ್ನೇ ಜಂಬವಾಗಿ ತಿರುಗಿಸಿ ಹೇಳತೊಡಗಿದಳು: "ನಮ್ಮ ಸೊಸೆ ಮೂಗಿಗೇ ಸಂಬಳ ಕಣ್ರೀ, ಕೈಕಾಲಿಗಲ್ಲ." ಇವತ್ತು ಆ ಮೂಗಿನ ವಿಚಾರಣೆ ಎಂದು ಅತ್ತೆಗೆ ಗೊತ್ತು, ಗೊತ್ತಿದ್ದೂ ಪಾತ್ರೆ ತಂದು ಹಿಡಿದಳಲ್ಲ ಎಂದು ಅವಳಿಗೆ ಅಳು ಬಂದಂತಾಯಿತು. ಮಗು ಮೊಲೆ ಬಿಟ್ಟು ಅವಳ ಮುಖವನ್ನೇ ನೋಡಿತು. ಅದರ ನೆತ್ತಿಗೆ ಮೂಗು ಇಟ್ಟಳು. ಬಿಸಿಲಿಗೆ ಹಾಕಿ ತಂದ ಹತ್ತಿ ಬಟ್ಟೆಯ ವಾಸನೆ, ಅದರ ಕೆಳಗೆ ಸಣ್ಣಗೆ ಹುಳಿ. ನನಗೆ ವಾಸನೆ ಬಂದಿತ್ತು ಎಂದು ಮಗುವಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿಕೊಂಡಳು. ಇಷ್ಟು ದಿನ ಬಾಯಿಪಾಠ ಮಾಡಿದ್ದು ಈ ಒಂದು ವಾಕ್ಯ.

ನೋಟೀಸು ಬಂದದ್ದು ಹೆರಿಗೆಯ ಹಸಿ ಇನ್ನೂ ಆರಿರದ ದಿನಗಳಲ್ಲಿ. ಅಂಚೆಯವನು ಬಾಗಿಲಲ್ಲಿ ನಿಂತು ಸಹಿ ನಿಮ್ಮದೇ ಬೇಕು ಎಂದು ಹಟ ಹಿಡಿದ. ಅವಳು ಗೋಡೆ ಹಿಡಿದುಕೊಂಡು ಬಂದು, ಮಗುವನ್ನು ಒಂದು ಕೈಗೆ ಒರಗಿಸಿ, ಇನ್ನೊಂದು ಕೈಯಲ್ಲಿ ಸಹಿ ಹಾಕಿದಳು. ಯಾರೋ ಉಡುಗೊರೆ ಕಳಿಸಿರಬೇಕು ಎಂದುಕೊಂಡಿದ್ದಳು, ಪೆದ್ದಿ. ಕರ್ತವ್ಯದಲ್ಲಿ ಘೋರ ನಿರ್ಲಕ್ಷ್ಯ. ವಾಸನೆ ಪರೀಕ್ಷೆ ಮಾಡದೆಯೇ ಕಲುಷಿತ ಹಾಲನ್ನು ಸ್ವೀಕರಿಸಿ ಸಂಸ್ಥೆಯ ಹೆಸರಿಗೆ ಧಕ್ಕೆ. ಕೆಲಸದಿಂದ ಏಕೆ ತೆಗೆಯಬಾರದು. ಹೆರಿಗೆ ರಜೆಯಲ್ಲಿದ್ದಾಗ್ಯೂ ಖುದ್ದು ಹಾಜರಾಗತಕ್ಕದ್ದು. ಆ 'ಆಗ್ಯೂ' ಎಂಬುದರಲ್ಲಿ ಏನೋ ರಿಯಾಯಿತಿ ತೋರಿಸಿದ ಠೀವಿ ಇತ್ತು. ಗಂಡ ಓದಿ ಮಡಿಚಿ ಮತ್ತೆ ಓದಿದ. ಪೀಠೋಪಕರಣದ ಅಂಗಡಿಯಲ್ಲಿ ವಾರ್ನಿಷ್ ಹಚ್ಚುವ ಕೆಲಸ ಅವನದು, ಆರ್ಡರ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ; ಮನೆ ನಡೆಯುತ್ತಿದ್ದುದು ಅವಳ ಮೂಗಿನಿಂದ. "ಮೂಸದೇ ಬಿಟ್ಯೇನೇ?" ಎಂದ. "ಮೂಸಿದೆ" ಎಂದಳು. "ಮತ್ತೆ?" ಎಂದ. ಆ 'ಮತ್ತೆ'ಗೆ ಉತ್ತರ ಹೇಳಲು ಹೊರಟರೆ ಅದು ಎಲ್ಲಿಂದ ಶುರುವಾಗಬೇಕು ಎಂದೇ ಅವಳಿಗೆ ತಿಳಿಯಲಿಲ್ಲ.

ಡಾಕಿನಿಂದ, ಡೇರಿಯಲ್ಲಿ ಹಾಲು ಇಳಿಸಿಕೊಳ್ಳುವ ಕಟ್ಟೆಯಿಂದ ಶುರುವಾಗಬೇಕು. ಬೆಳಗಿನ ಲಾರಿಗಳು ಬಂದು ಹಿಮ್ಮುಖವಾಗಿ ನಿಂತು, ಕ್ಯಾನುಗಳು ದಡಬಡ ಇಳಿದು, ಉರುಳೆಗಳ ಮೇಲೆ ಸಾಲಾಗಿ ಅವಳತ್ತ ಜಾರಿ ಬರುವ ಆ ಒದ್ದೆ ನೆಲ, ಆ ಹಬೆ. ಮುಚ್ಚಳ ತೆಗೆಯುವವನು ಮರದ ಸುತ್ತಿಗೆಯಿಂದ ಒಂದು ಏಟು ಕೊಟ್ಟು ಮುಚ್ಚಳ ಸಡಿಲಿಸಿ ಅವಳ ಕೈಗೆ ಕೊಡುತ್ತಾನೆ. ವಾಸನೆ ಇರುವುದು ಹಾಲಿನಲ್ಲಲ್ಲ, ದಾರಿಯುದ್ದಕ್ಕೂ ಮುಚ್ಚಿಕೊಂಡು ಬಂದ ಮುಚ್ಚಳದ ಒಳಮೈಯಲ್ಲಿ. ಅದನ್ನು ಮುಖದ ಹತ್ತಿರ ತಂದು ಒಂದೇ ಒಂದು ಉಸಿರು. ಸರಿಯಿದ್ದರೆ ಮುಚ್ಚಳ ಮತ್ತೆ ಕ್ಯಾನಿನ ಮೇಲೆ ನೆಟ್ಟಗೆ. ಸರಿಯಿಲ್ಲದಿದ್ದರೆ ಮಗುಚಿ, ಅಂಗಾತ. ಮಾತೇ ಇಲ್ಲ. ಆ ಗದ್ದಲದಲ್ಲಿ ಮಾತು ಯಾರಿಗೆ ಕೇಳಿಸಬೇಕು? ಮಗುಚಿದ ಮುಚ್ಚಳ ಕಂಡರೆ ಮುಂದಿನವರು ಆ ಕ್ಯಾನನ್ನು ಪಕ್ಕಕ್ಕೆ ಎಳೆಯುತ್ತಾರೆ. ಲ್ಯಾಬಿನ ಯಂತ್ರಗಳು ಹುಳಿ ಹಿಡಿಯುತ್ತವೆ, ನೀರು ಹಿಡಿಯುತ್ತವೆ, ಕೊಬ್ಬು ಅಳೆಯುತ್ತವೆ. ಆದರೆ ಹಾಲು ಯಾರ ಕೊಟ್ಟಿಗೆಯಲ್ಲಿ, ಯಾವ ಎಣ್ಣೆ ಡಬ್ಬದ ಪಕ್ಕ, ಯಾವ ಕೊಳಕು ಬಟ್ಟೆಯ ಕೆಳಗೆ ಕೂತು ಬಂತು ಎಂದು ಹೇಳಲು ಮೂಗೇ ಬೇಕು. ಆ ಡಾಕಿನಲ್ಲಿ ಅವಳಿಗೆ ಮುಂಚೆ ಗಂಡಸರೇ ಇದ್ದದ್ದು. ಅವಳು ಬಂದ ಮೇಲೆ ಮೊದಮೊದಲು ನಕ್ಕವರೇ ಆಮೇಲೆ 'ಮೂಗಕ್ಕ' ಎಂದು ಹೆಸರಿಟ್ಟರು. ಅದರಲ್ಲಿ ಗೌರವ ಇತ್ತು, ಇಲ್ಲವೆನ್ನಲಾಗದು. ಲಾರಿಯವರು "ಮೂಗಕ್ಕ ಇದಾರಾ ಇವತ್ತು?" ಎಂದು ಗೇಟಿನಲ್ಲೇ ಕೇಳಿ, ಇದ್ದಾರೆ ಎಂದರೆ ಒಂದೆರಡು ಕ್ಯಾನನ್ನು ಇಳಿಸದೆಯೇ ವಾಪಸ್ಸು ಒಯ್ಯುತ್ತಿದ್ದರಂತೆ. ಈ ಮಾತನ್ನು ಅವಳು ಬಸುರಿಯಾಗುವವರೆಗೂ ಎಷ್ಟು ಸಲ ಮೆಲುಕು ಹಾಕಿದ್ದಳೋ.

ಬಸಿರು ನಿಂತ ಮೇಲೆ ಮೂಗು ಹುಚ್ಚು ಕುದುರೆಯಾಯಿತು. ಗಂಡನ ಅಂಗಿಯ ವಾರ್ನಿಷ್, ಬಸ್ಸಿನ ಸೀಟು, ಅತ್ತೆಯ ತಲೆಗೆಣ್ಣೆ, ಪಕ್ಕದ ಮನೆಯ ಸೋಪು, ಎಲ್ಲವೂ ಗೋಡೆ ಒಡೆದುಕೊಂಡು ಒಳಗೆ ಬರುತ್ತಿದ್ದವು. ಡಾಕಿನಲ್ಲಿ ಮಾತ್ರ ಅವಳು ಜೋಪಾನವಾಗಿದ್ದಳು. ಇದು ನನ್ನ ಹೊಟ್ಟೆಯ ಆಟ, ಇದು ನಿಜವಾಗಿಯೂ ಹಾಲಿನದ್ದು ಎಂದು ಬೇರ್ಪಡಿಸುವುದನ್ನು ಕಲಿತಿದ್ದಳು. ಆದ್ದರಿಂದಲೇ, ರಜೆಗೆ ಹೋಗುವ ವಾರ ಒಂದು ಲಾರಿಯ ಕ್ಯಾನುಗಳಲ್ಲಿ ಸಣ್ಣಗೆ, ಬಲು ಸಣ್ಣಗೆ ಫಿನಾಯಿಲಿನ ಎಳೆಯೊಂದು ಸಿಕ್ಕಾಗ ಅವಳಿಗೆ ಅನುಮಾನವಿರಲಿಲ್ಲ. ಮುಚ್ಚಳಗಳನ್ನು ಒಂದೊಂದಾಗಿ ಮಗುಚಿಟ್ಟಳು. ಲಾರಿಯವನು ಕೂಗಾಡಿದ. ಗಾಜಿನ ಸಾಹೇಬರು ಬಂದರು. ವಿಭಾಗದ ಅಧಿಕಾರಿ; ಏನೇ ಇದ್ದರೂ ಗಾಜಿನ ಕೊಳವೆಗೆ ಹಾಕಿ ಬೆಳಕಿಗೆ ಹಿಡಿದು ನೋಡಿದರೇ ಅವರಿಗೆ ನಂಬಿಕೆ, ಅದಕ್ಕೇ ಆ ಹೆಸರು. ಲ್ಯಾಬಿನಲ್ಲಿ ಎಲ್ಲ ಸರಿ ಬಂತು. ತಾವೂ ಒಂದು ಮುಚ್ಚಳ ಮೂಸಿ, ಅದನ್ನು ನೆಟ್ಟಗೆ ತಿರುಗಿಸಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಏನಮ್ಮಾ, ವಾಸನೆ ಕ್ಯಾನಿಂದ ಬರ್ತಿದ್ಯೋ, ಹೊಟ್ಟೆಯಿಂದ ಬರ್ತಿದ್ಯೋ?" ಎಂದರು. ಡಾಕಿಗೆ ಡಾಕೇ ನಕ್ಕಿತು. ಅವಳೂ ನಕ್ಕಳು. ಥೂ, ಅವಳೂ ನಕ್ಕಳಲ್ಲ! ಅದನ್ನು ನೆನೆದಾಗ ಈಗಲೂ ಮೈಯೆಲ್ಲ ಉರಿಯುತ್ತದೆ. ಮರುದಿನ ಅದೇ ಲಾರಿ, ಅದೇ ಎಳೆ. ಮತ್ತೆ ಮಗುಚಿದಳು. ಸಾಹೇಬರು ಬಂದು ಈ ಸಲ ಮೂಸಲೂ ಇಲ್ಲ, ಮುಚ್ಚಳಗಳನ್ನು ಮಕ್ಕಳ ಆಟಿಕೆ ಎತ್ತಿಡುವಂತೆ ಒಂದೊಂದಾಗಿ ನೆಟ್ಟಗೆ ಮಾಡುತ್ತ ಹೋದರು. "ಪಾಪ, ಅವ್ರಿಗೆ ಎಲ್ಲಾನೂ ನಾರೋ ಕಾಲ ಇದು, ನಾವು ಹೊಟ್ಟೆಗೆ ಹಾಕ್ಕೋಬೇಕು." ಪಾಪ ಎಂದದ್ದು ಅವಳಿಗೆ. ಆ ಹಾಲು ಟ್ಯಾಂಕಿಗೆ ಹೋಯಿತು. ನದಿಯಷ್ಟು ಹಾಲಿನಲ್ಲಿ ಆ ಎಳೆ ಕರಗಿ ಯಾರಿಗೂ ತಿಳಿಯಲಿಲ್ಲ. ಯಾರಿಗೂ ತಿಳಿಯದ್ದರಿಂದ ಸಾಹೇಬರದ್ದೇ ಸರಿ ಎಂದಾಯಿತು.

ಕಡೆಯ ದಿನ ಅವಳಿಗೆ ಬೀಳ್ಕೊಡುಗೆ ಇತ್ತು. ಪ್ಯಾಕಿಂಗಿನ ಹೆಂಗಸರು ಸಣ್ಣ ಕುಲಾವಿ, ಕಾಲುಚೀಲ ತಂದಿದ್ದರು. ಕೇಕು ಕತ್ತರಿಸುವುದಕ್ಕೆ ಸಾಹೇಬರೇ ಡಾಕಿಗೆ ಬಂದು ಕೈ ಕಟ್ಟಿಕೊಂಡು ನಿಂತಿದ್ದರು, ಬೇಗ ಮುಗಿಸಿ ಎನ್ನುವ ಹಾಗೆ. ಆ ಲಾರಿ ಬಂತು. ಮುಚ್ಚಳ ಕೈಗೆ ಬಂತು. ಮೂಗಿಗೆ ತರುವುದಕ್ಕೂ ಮುಂಚೆಯೇ ವಾಸನೆ ಎದ್ದು ಬಂತು. ಎಳೆಯಲ್ಲ, ಹಗ್ಗ. ಆಸ್ಪತ್ರೆಯ ನೆಲ ಒರೆಸಿದ ಬಕೆಟ್ಟಿನ ಹಾಗೆ. ಅವಳ ಕೈ ಮುಚ್ಚಳವನ್ನು ಅರ್ಧ ತಿರುಗಿಸಿಯೂ ಆಗಿತ್ತು. ಆಗ ತಲೆಯೆತ್ತಿದಳು. ಸಾಹೇಬರು ನೋಡುತ್ತಿದ್ದರು, ತುಟಿಯ ಒಂದು ಕೊನೆಯಲ್ಲಿ ಆ ನಗು ಸಿದ್ಧವಾಗಿ ಕೂತಿತ್ತು. ಅವರ ಹಿಂದೆ ಹೆಂಗಸರು, ಕುಲಾವಿ, ಕೇಕು. ಅವರೆಲ್ಲರ ನಗು ಈಗ ಏಳುತ್ತದೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದೇ, ಅವಳೊಳಗೆ ಯಾವುದೋ ಒಂದು ತನ್ನ ಮೂಗಿನ ಕೈಬಿಟ್ಟಿತು. ಹೊಟ್ಟೆಯ ಆಟವೇ ಇರಬಹುದು. ಅಷ್ಟು ಓದಿದವರು, ಅಷ್ಟು ಜನ, ನಾನೊಬ್ಬಳು. ಮುಚ್ಚಳವನ್ನು ನೆಟ್ಟಗೆ ಇಟ್ಟಳು. ಮುಚ್ಚಳ ತೆಗೆಯುವವನು ಸುತ್ತಿಗೆ ಎತ್ತಿದವನು ಹಾಗೇ ನಿಂತು, "ಅಕ್ಕಾ?" ಎಂದ. "ಹೋಗ್ಲಿ ಬಿಡು" ಎಂದಳು. ಉಳಿದ ಕ್ಯಾನುಗಳಿಗೂ ಹಾಗೆಯೇ, ಹೋಗ್ಲಿ ಬಿಡು, ಹೋಗ್ಲಿ ಬಿಡು. ಕೇಕು ಬಾಯಿಗೆ ಇಟ್ಟಾಗ ಫಿನಾಯಿಲಿನ ರುಚಿ ಬಂತು. ನೋಡಿದೆಯಾ, ಕೇಕೂ ನಾರುತ್ತಿದೆ, ಸಾಹೇಬರು ಹೇಳಿದ್ದೇ ನಿಜ ಎಂದು ಸಮಾಧಾನ ಮಾಡಿಕೊಂಡಳು. ಆ ಲಾರಿ ಹಾಲು ತುಂಬಿಕೊಳ್ಳುವ ಊರಿನಲ್ಲಿ ಫಿನಾಯಿಲ್ ಡಬ್ಬವೊಂದು ಸೋರಿ, ಕ್ಯಾನು ತೊಳೆಯುವ ತೊಟ್ಟಿಗೇ ಇಳಿಯುತ್ತಿತ್ತೆಂದು ಆಮೇಲೆ ಪತ್ತೆಯಾಯಿತು. ಪತ್ತೆ ಮಾಡಿದವರು ಪೊಲೀಸರು.

ರಜೆಯ ಮೊದಲ ದಿನವೇ, ಲೆಕ್ಕಕ್ಕಿಂತ ಮುಂಚೆ, ನೋವು ಬಂತು. ಹೆರಿಗೆ ಮಂಚದ ಮೇಲೆ ಅವಳ ಹೊಟ್ಟೆ ಒತ್ತುತ್ತ ದಾದಿ ಇನ್ನೊಬ್ಬ ದಾದಿಗೆ ಹೇಳುತ್ತಿದ್ದಳು: "ಕೆಳಗಡೆ ಜಾಗಾನೇ ಇಲ್ಲ ಕಣೇ, ಹಾಸ್ಟೆಲ್ ಮಕ್ಕಳು ಹಾಲು ಕುಡಿದು ಒಂದೇ ಸಮ ವಾಂತಿ. ಯಾವ ಪಾಪಿ ಕೆಲಸಾನೋ ಏನೋ. ಹ್ಞಾಂ, ಮುಕ್ಕಮ್ಮಾ, ಇನ್ನೊಂದ್ಸಲ ಮುಕ್ಕು." ಅವಳು ಮುಕ್ಕಿದಳು. ಯಾವ ಮಗುವೂ ಸಾಯಲಿಲ್ಲ. ಅದನ್ನು ಅವಳು ಎಷ್ಟು ಜನರ ಬಾಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡಳು! ಕೇಳಿದವರೆಲ್ಲ, ಬಾಣಂತಿಗೆ ಬೇರೆಯವರ ಮಕ್ಕಳ ಮೇಲೆ ಎಷ್ಟು ಕರುಳು ಎಂದು ಕೊಂಡಾಡಿದರು.

"ರೆಡಿನಾ?" ಎಂದು ಗಂಡ ಬಾಗಿಲಲ್ಲಿ ನಿಂತ. ಮಗುವಿನ ಚೀಲ ಹೆಗಲಿಗೆ ಹಾಕಿಕೊಂಡಿದ್ದ. ವಿಚಾರಣೆ ನಡೆಯುವಷ್ಟು ಹೊತ್ತು ಮಗು ಅವನ ಕೈಯಲ್ಲಿರಬೇಕೆಂದು ತೀರ್ಮಾನವಾಗಿತ್ತು. ಬಸ್ಸಿನಲ್ಲಿ ಅವನು ಪಕ್ಕಕ್ಕೆ ವಾಲಿ, "ಸೆಕ್ರೆಟರಿ ಅಣ್ಣ ಹೇಳಿದ್ದು ಜ್ಞಾಪಕ ಇದೆ ತಾನೇ?" ಎಂದ. ಜ್ಞಾಪಕವಿಲ್ಲದೇನು. ಕಾರ್ಮಿಕ ಸಂಘದ ಸೆಕ್ರೆಟರಿ ನಾಲ್ಕಾರು ಸಲ ಮನೆಗೆ ಬಂದು, ಮಗುವಿನ ಕೆನ್ನೆ ಹಿಂಡಿ, ಚಹಾ ಕುಡಿದು, ದಾರಿ ತೋರಿಸಿಕೊಟ್ಟಿದ್ದ. "ನೋಡು ತಾಯಿ, ಬಸುರೀಲಿ ಕೆಲವ್ರಿಗೆ ವಾಸನೇನೇ ಹೋಗ್ಬಿಡುತ್ತಂತೆ. ಡಾಕ್ಟ್ರು ಬರ್ಕೊಡ್ತಾರೆ, ನಾನು ಮಾತಾಡಿದೀನಿ. ಮೂಗೇ ಸತ್ತಿತ್ತು ಅಂದ್ಮೇಲೆ ನಿರ್ಲಕ್ಷ್ಯ ಎಲ್ಲಿ ಬಂತು? ಕಾಯಿಲೆ ಅದು. ಕೆಲಸ ಉಳಿಯುತ್ತೆ. ಇನ್ನೊಂದು ಜಾಗಕ್ಕೆ ಹಾಕ್ತಾರೆ, ಅಷ್ಟೆ." ಅವಳು, "ಆದ್ರೆ ನನಗೆ ವಾಸನೆ ಬಂದಿತ್ತಲ್ಲಣ್ಣ" ಎಂದಾಗ ಅವನು ಚಹಾ ಲೋಟ ಕೆಳಗಿಟ್ಟು ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. "ಹಾಗಂದ್ರೆ ಮುಗೀತು. ಗೊತ್ತಿದ್ದೂ ಬಿಟ್ಳು ಅಂತಾರೆ. ಕೆಲಸ ಅಲ್ಲ, ಜೈಲು." "ಸಾಹೇಬ್ರು ಎರಡು ದಿನ ಮುಚ್ಚಳ ತಿರುಗಿಸಿದ್ದು?" "ಅದನ್ನ ಅವ್ರು ಒಪ್ಕೋತಾರಾ? ನೀನು ಅದನ್ನ ಎತ್ತದೇ ಇದ್ರೆ ಅವ್ರೂ ನಿನ್ ಕಡೆ ಒಂದ್ಮಾತು ಹಾಕ್ತಾರೆ. ನಾನು ಕೇಳಿದೀನಿ." ಅಂದರೆ ಎಲ್ಲರೂ ಮಾತಾಡಿಕೊಂಡಾಗಿತ್ತು. ಅವಳ ಮೂಗಿಗೆ ತುಪ್ಪ ಸವರುವ ಕೆಲಸ ಮಾತ್ರ ಬಾಕಿ ಇತ್ತು. ಗಂಡ ಅಂದು ರಾತ್ರಿಯ ಊಟದ ಹೊತ್ತಿಗೆ ಹೇಳಿದ್ದ: "ನನ್ ನೋಡು, ವಾರ್ನಿಷ್ ಹಚ್ಚೀ ಹಚ್ಚೀ ಮೂಗು ಯಾವತ್ತೋ ಹೋಯ್ತು. ಬದುಕ್ತಿಲ್ವಾ?" ತಮಾಷೆಗೆ ಅಂದದ್ದಲ್ಲ ಅವನು, ಪಾಪ, ಧೈರ್ಯ ತುಂಬಲು ಅಂದದ್ದು. ಅದಕ್ಕೇ ಅವಳಿಗೆ ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿತು. ಹೇಳಿಬಿಡುತ್ತೇನೆ, ಎಂದುಕೊಂಡಳು. ಕೇಳಿದ ತಕ್ಷಣ ಹೇಳಿಬಿಡುತ್ತೇನೆ, ಆಮೇಲೆ ಏನಾದರೂ ಹಾಳಾಗಿ ಹೋಗಲಿ.

ಗೇಟಿನ ಕಾವಲುಗಾರ ಅವಳನ್ನು ನೋಡಿ ಎದ್ದು ನಿಂತ, ಆಮೇಲೆ ಕೂತ. "ರಜೇಲಿರೋರು ಒಳಗೆ ಹೋಗ್ಬೇಕಂದ್ರೆ ಇದು ಹಾಕ್ಕೋಬೇಕಂತಕ್ಕ" ಎಂದು ಹೊರಗಿನವರಿಗೆ ಕೊಡುವ ಬಿಲ್ಲೆಯನ್ನು ಮುಂದೆ ಚಾಚಿದ. ಅವಳು ಅದನ್ನು ಶಾಲಿಗೆ ಸಿಕ್ಕಿಸಿಕೊಂಡಳು. ಮಗು ಅದನ್ನು ಹಿಡಿದೆಳೆಯಿತು. ಅಂಗಳ ದಾಟುವಾಗ ಡಾಕು ಕಂಡಿತು, ಸುತ್ತಿಗೆಯ ಸದ್ದು ಕೇಳಿಸಿತು. ಅವಳ ಜಾಗದಲ್ಲಿ ಯಾರೋ ಹೊಸಬ. ಮುಚ್ಚಳವನ್ನು ಮೊಳ ದೂರದಲ್ಲಿ ಹಿಡಿದು ಗಾಳಿಗೆ ಬೀಸುವಂತೆ ಬೀಸಿ ಇಡುತ್ತಿದ್ದ. ಎಲ್ಲವೂ ನೆಟ್ಟಗೆ. ಬಿಸಿ ನೀರು, ಕ್ಯಾನು ತೊಳೆಯುವ ಕಾಸ್ಟಿಕ್ ಸೋಡಾ, ಒದ್ದೆ ಕಬ್ಬಿಣ, ಅದರ ಮಧ್ಯೆ ತಾಜಾ ಹಾಲಿನ ಆ ಹುಲ್ಲು ಹುಲ್ಲಾದ ಸಿಹಿ ಒಂದು ಅಲೆಯಾಗಿ ಬಂದು ಬಡಿಯಿತು. ಇಷ್ಟು ದೂರದಿಂದಲೂ ಅವಳು ಬಲಗಡೆಯ ಯಾವುದೋ ಒಂದು ಕ್ಯಾನು ಹುಳಿಗೆ ತಿರುಗುತ್ತಿದೆಯೆಂದು ಹೇಳಬಲ್ಲವಳಾಗಿದ್ದಳು. ಯಾರೂ ಕೇಳಲಿಲ್ಲ.

ವಿಚಾರಣೆ ಸಭಾಕೋಣೆಯಲ್ಲಿ. ಉದ್ದನೆಯ ಮೇಜಿನ ತಲೆಗೆ ಹೊರಗಿನಿಂದ ಬಂದ ವಿಚಾರಣಾಧಿಕಾರಿ ಮೇಡಂ, ಬೆಳ್ಳಿ ಕೂದಲು, ದಣಿದ ಒಳ್ಳೆಯ ಮುಖ. ಒಂದು ಕಡೆ ಗಾಜಿನ ಸಾಹೇಬರು, ಎದುರಿಗೆ ಸಂಘದ ಸೆಕ್ರೆಟರಿ, ಮೂಲೆಯಲ್ಲಿ ಟೈಪ್ ಮಾಡುವ ಹುಡುಗಿ. "ಕೂತ್ಕೊಳ್ಳಮ್ಮಾ, ಬೆನ್ನಿಗೆ ದಿಂಬು ಬೇಕಾ? ನಾನೂ ಇಬ್ಬರನ್ನ ಹೆತ್ತೋಳೇ" ಎಂದರು ಮೇಡಂ. ಅವಳು ಜಗಳಕ್ಕೆ ಗಟ್ಟಿಮಾಡಿಕೊಂಡು ಬಂದಿದ್ದ ಮನಸ್ಸು ಈ ಒಂದು ಮಾತಿಗೆ ಮೆತ್ತಗಾಯಿತು, ಅದಕ್ಕಾಗಿ ಅವಳು ತನ್ನನ್ನೇ ಬೈದುಕೊಂಡಳು. ಮೊದಲು ಮುಚ್ಚಳ ತೆಗೆಯುವವನನ್ನು ಕರೆಸಿದರು. ಅವನು ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರವೇ ನಿಂತ. "ಆ ದಿನ ಈಕೆ ಮುಚ್ಚಳ ಮೂಸಿದ್ದನ್ನ ನೀನು ನೋಡಿದ್ಯಾ?" "ಬಗ್ಗಿದ್ರು ತಾಯಿ." "ಬಗ್ಗಿದ್ದು ಸರಿ, ಮೂಸಿದ್ರಾ?" "ಅಕ್ಕನ ಮೂಗಿನೊಳಗೆ ಹೋಗಿ ನೋಡೋಕಾಗುತ್ತಾ ತಾಯಿ ನಾನು?" ಟೈಪಿನ ಹುಡುಗಿ ಕಿಸಕ್ಕೆಂದಳು. ಮೇಡಂ ಕೂಡ ನಕ್ಕು, ನಿಂತಿರು ಎಂದು ಅವನಿಗೆ ಕೈ ಮಾಡಿದರು. ಅವನು ಅವಳ ಕಡೆ ನೋಡಲಿಲ್ಲ. ಅವಳನ್ನು ಉಳಿಸಿದನೋ, ಅವಳಿಂದ ತಪ್ಪಿಸಿಕೊಂಡನೋ ಯಾರು ಹೇಳಬೇಕು.

"ಈಗ ನೀವೇ ಹೇಳಿ" ಎಂದು ಮೇಡಂ ಕನ್ನಡಕ ತೆಗೆದು ಅವಳತ್ತ ಬಾಗಿದರು. "ಗಾಬರಿ ಬೇಡ. ಆ ದಿನ ಆ ಕ್ಯಾನಿನಲ್ಲಿ ನಿಮಗೆ ವಾಸನೆ ಬಂದಿತ್ತಾ, ಇಲ್ವಾ?"

ಬಂತಲ್ಲ, ಕಾದಿದ್ದ ಪ್ರಶ್ನೆ. ಇಷ್ಟು ನೇರವಾಗಿ, ಇಷ್ಟು ಮೃದುವಾಗಿ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಅವಳು ಬಾಯಿ ತೆರೆದಳು. ಅದೇ ಗಳಿಗೆಗೆ ಹೊರಗಡೆ ಪಡಸಾಲೆಯಲ್ಲಿ ಮಗು ಅತ್ತಿತು. ಹಸಿವಿನ ಅಳು, ಮೊದಲು ಬಿಕ್ಕು, ಆಮೇಲೆ ಆ ಸೀಳು ಕೂಗು. ಅವಳು ಹೇಳುವುದಕ್ಕೆ ಮುಂಚೆ ಅವಳ ಎದೆ ಉತ್ತರ ಕೊಟ್ಟುಬಿಟ್ಟಿತು. ಎರಡೂ ಕಡೆ ಜುಮ್ಮೆಂದು, ಬಿಸಿಯಾಗಿ, ಹಾಲು ಇಳಿಯಿತು. ಶಾಲು ಎಳೆದುಕೊಳ್ಳುವಷ್ಟರಲ್ಲಿ ಬಟ್ಟೆಯ ಮೇಲೆ ಎರಡು ಒದ್ದೆ ಕಲೆ ಅಗಲವಾಗುತ್ತ ಹೋದವು. ಸೆಕ್ರೆಟರಿ ಕಿಟಕಿಯ ಕಡೆ ನೋಡಿದ. ಟೈಪಿನ ಸದ್ದು ನಿಂತಿತು. ಗಾಜಿನ ಸಾಹೇಬರು ತಮ್ಮ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಕೋಣೆಯ ತುಂಬ ಅವಳ ವಾಸನೆ. ಬೇರೆ ಯಾರಿಗೂ ಬರುತ್ತಿರಲಿಲ್ಲವೋ ಏನೋ. ಅವಳಿಗೆ ಮಾತ್ರ ಅದು ಮೇಜು, ಕಾಗದ, ಗೋಡೆಗೆಲ್ಲ ಹತ್ತಿಕೊಂಡ ಹಾಗಿತ್ತು. ನಾಚಿಕೆಯಿಂದ ತಲೆ ತಗ್ಗಿಸಿ ಶಾಲನ್ನು ಎದೆಗೆ ಒತ್ತಿಹಿಡಿದಳು. "ನೀರು ಕೊಡಿ ಅವರಿಗೆ" ಎಂದರು ಮೇಡಂ. ಸೆಕ್ರೆಟರಿ ಸಮಯ ನೋಡಿ ಎದ್ದು, ಬಾಣಂತಿ, ಪರಿಸ್ಥಿತಿ, ಡಾಕ್ಟರ ಅಭಿಪ್ರಾಯ, ಹೋದ ಮೂಗು ಇನ್ನೂ ಬಂದಿಲ್ಲ ಎಂದು ಶುರು ಮಾಡಿದ. ಪ್ರಶ್ನೆ ಅವಳ ಮುಂದಿನಿಂದ ಎದ್ದು ಹೋಗಿ ಆಗಿತ್ತು.

ಮೇಡಂ ಎಲ್ಲ ಕೇಳಿ ಕನ್ನಡಕ ಹಾಕಿಕೊಂಡರು. ಮೂಗು ಇನ್ನೂ ಸರಿಹೋಗಿಲ್ಲವೆಂದರೆ ಅದನ್ನು ಇಲ್ಲೇ ನೋಡಿಬಿಡಬಹುದಲ್ಲ, ಕಾಗದಕ್ಕಿಂತ ಅದು ವಾಸಿ ಎಂದರು. ಸಾಹೇಬರು ಮುಚ್ಚಳ ತೆಗೆಯುವವನನ್ನು ಲ್ಯಾಬಿಗೆ ಕಳಿಸಿದರು. ಅವನು ಮಾದರಿಯ ಮೂರು ಪುಟ್ಟ ಕ್ಯಾನುಗಳನ್ನು ತಂದು ಮೇಜಿನ ಮೇಲೆ ಇಟ್ಟು ಗೋಡೆಗೆ ಒರಗಿದ. ಡಾಕಿನ ಕ್ಯಾನುಗಳದ್ದೇ ರೂಪ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು, ಅಂಥದೇ ಮುಚ್ಚಳ. ಒಂದರಲ್ಲಿ ಒಂದು ಹನಿ ಫಿನಾಯಿಲ್ ಹಾಕಿದೆ, ಯಾವುದರಲ್ಲಿ ಎಂದು ಹೇಳಬೇಕು. ಸೆಕ್ರೆಟರಿ ಮೇಜಿನ ಕೆಳಗೆ ಅವಳ ಕಾಲನ್ನು ಮೆಲ್ಲಗೆ ತಟ್ಟಿದ: ಗೊತ್ತಾಗಲ್ಲ ಅನ್ನು. ಅವಳಿಗೆ ನಗು ಬಂತು. ಇಷ್ಟು ವರ್ಷ ಗೊತ್ತಾಗುತ್ತದೆ ಎನ್ನುವುದಕ್ಕೆ ಸಂಬಳ ಕೊಟ್ಟರು, ಇನ್ನು ಮೇಲೆ ಗೊತ್ತಾಗುವುದಿಲ್ಲ ಎನ್ನುವುದಕ್ಕೆ ಕೊಡುತ್ತಾರೆ. ಮೊದಲನೆಯದನ್ನು ತೆಗೆದು ಮೂಸಿದಳು. ಒಳ್ಳೆಯ ಹಾಲು, ನಿನ್ನೆ ಸಂಜೆಯದು. ಮುಚ್ಚಳ ಮುಚ್ಚಿದಳು. ಎರಡನೆಯದು ಸ್ವಲ್ಪ ಕಾಯಿಸಿದ್ದು, ತಳ ಹತ್ತಿದ ಸುಳಿವು, ತಪ್ಪಿಲ್ಲ. ಮುಚ್ಚಿದಳು. ಹೊರಗೆ ಮಗು ಇನ್ನೂ ಅಳುತ್ತಿತ್ತು; ಗಂಡ ಏನೋ ಹಾಡುತ್ತಿದ್ದ, ಬೇರೆ ಬೇರೆ ರಾಗದಲ್ಲಿ. ಕೈಗಳು ತಮ್ಮ ಪಾಡಿಗೆ ತಾವು ಹಳೆಯ ಓಟ ಹಿಡಿದಿದ್ದವು. ಮೂರನೆಯದರ ಮುಚ್ಚಳ ಮುಖದ ಹತ್ತಿರ ಬಂತು. ಒಂದು ಉಸಿರು. ಆಸ್ಪತ್ರೆಯ ಬಕೆಟ್ಟು. ಮುಚ್ಚಳ ಹೋಗಿ ಕ್ಯಾನಿನ ಮೇಲೆ ಕೂತಿತು.

ಅಂಗಾತ.

ತಾನು ಏನು ಮಾಡಿದೆ ಎಂದು ಅವಳು ಕಂಡದ್ದು ಗಾಜಿನ ಸಾಹೇಬರ ಮುಖದಲ್ಲಿ. ಅವರು ಮುಚ್ಚಳವನ್ನೇ ನೋಡುತ್ತಿದ್ದರು. ಮೇಡಂ ಏನೋ ಬರೆದುಕೊಳ್ಳುತ್ತಿದ್ದರು. ಸೆಕ್ರೆಟರಿ ಲೆಕ್ಕಪತ್ರದ ವಿಭಾಗದವನು, ಡಾಕಿಗೆ ಕಾಲಿಟ್ಟವನಲ್ಲ, ಅವನಿಗೆ ಮುಚ್ಚಳ ಎಂದರೆ ಮುಚ್ಚಳ. ಆ ಕೋಣೆಯಲ್ಲಿ ಆ ಭಾಷೆ ಬರುತ್ತಿದ್ದವರು ಮೂರೇ ಜನ. ಗೋಡೆಗೆ ಒರಗಿದವನು ನೆಟ್ಟಗೆ ನಿಂತದ್ದು ಅವಳ ಕಣ್ಣಂಚಿಗೆ ಬಿತ್ತು. ಕೈ ಹೇಳಿಬಿಟ್ಟಿತ್ತು, ಬಾಯಿ ಹೇಳಲಾರದ್ದನ್ನು ಕೈ ಹೇಳಿ ಮುಗಿಸಿತ್ತು. ಇನ್ನು ಒಂದೇ ಒಂದು ಮಾತು, 'ಮೇಡಂ, ಇದರ ಅರ್ಥ ಇವರನ್ನು ಕೇಳಿ.' ಬಹಳ ದಿನದ ಮೇಲೆ ತನ್ನ ಮನೆಯ ಬಾಗಿಲು ತಾನೇ ತೆರೆದ ಹಾಗೆ ಅವಳಿಗೆ ಒಂದು ಹುಚ್ಚು ಸಂತೋಷವಾಯಿತು. ಆಗ ಸಾಹೇಬರ ಕೈ ಮೇಜಿನ ಮೇಲೆ ಹರಿದು ಬಂತು. ಅವಸರವಿಲ್ಲದೆ, ಓರೆಯಾಗಿದ್ದ ಪೇಪರನ್ನು ಯಾರಾದರೂ ಸರಿಮಾಡುವ ಹಾಗೆ, ಮುಚ್ಚಳವನ್ನು ಎತ್ತಿ, ನೆಟ್ಟಗೆ ಮಾಡಿ, ಒತ್ತಿ ಇಟ್ಟರು. ಆಮೇಲೆ ಅವಳನ್ನು ನೋಡಿದರು. ಆ ಕಣ್ಣಲ್ಲಿ ನಗುವಿರಲಿಲ್ಲ. ಅಂಗಲಾಚುವಿಕೆ ಇತ್ತು. ಈ ಮನುಷ್ಯ ನನಗೆ ಹೆದರಿದ್ದಾನೆ, ನನ್ನ ಮೂಗಿಗೆ ಹೆದರಿದ್ದಾನೆ ಎಂದು ಅವಳಿಗೆ ಹೊಳೆದದ್ದೂ, ಅವಳು ಸೋತದ್ದೂ ಒಟ್ಟಿಗೇ ಆಯಿತು. ಯಾಕೆಂದರೆ ಅವಳ ಕಣ್ಣಲ್ಲೂ ಅದೇ ಇತ್ತು. ಹೊರಗೆ ಮಗು.

"ಏನಮ್ಮಾ?" ಎಂದು ಮೇಡಂ ತಲೆಯೆತ್ತಿದರು.

"ಯಾವುದ್ರಲ್ಲೂ ಏನೂ ಬರ್ತಿಲ್ಲ ಮೇಡಂ" ಎಂದಳು.

ಮುಚ್ಚಳ ತೆಗೆಯುವವನು ಟೋಪಿ ಹಾಕಿಕೊಂಡು, ಯಾರೂ ಹೋಗು ಎನ್ನದಿದ್ದರೂ, ಹೊರಟುಹೋದ.

ಆಮೇಲೆ ಎಲ್ಲ ಸಲೀಸು. ಸಾಹೇಬರು ಗಂಟಲು ಸರಿಮಾಡಿಕೊಂಡು, ಈಕೆ ಮೊದಲಿನಿಂದಲೂ ಪ್ರಾಮಾಣಿಕ ಕೆಲಸಗಾರ್ತಿ ಎಂದು ಒಂದು ಮಾತು ಹಾಕಿದರು. ಎಚ್ಚರಿಕೆಯೊಂದಿಗೆ ಬೇರೆ ವಿಭಾಗಕ್ಕೆ. ರಜೆ ಮುಗಿಸಿ ಬಂದ ಮೇಲೆ ಪ್ಯಾಕಿಂಗಿನಲ್ಲಿ ಕ್ರೇಟು ನೋಡಿಕೊಳ್ಳುವುದು. ಮೇಡಂ ಎದ್ದು ಬಂದು ಅವಳ ಭುಜದ ಮೇಲೆ ಕೈ ಇಟ್ಟರು. "ನಿಮ್ಮ ತಪ್ಪಲ್ಲ ಇದು. ವಾಸನೆ ಪರೀಕ್ಷೆಗೆ ಇನ್ನು ಮೇಲೆ ಹೆಂಗಸರನ್ನ ಹಾಕ್ಬಾರ್ದು ಅಂತ ನಾನು ಬರೀತೀನಿ. ಇಂಥ ಕಷ್ಟ ಇನ್ನೊಬ್ಬಳಿಗೆ ಬರೋದು ಬೇಡ." ಅವರ ಕೈಯಿಂದ ಲ್ಯಾವೆಂಡರ್ ಸೋಪಿನ ವಾಸನೆ ಬಂತು. "ಥ್ಯಾಂಕ್ಸ್ ಮೇಡಂ" ಎಂದಳು ಅವಳು. ಹೌದು, ಹಾಗೇ ಅಂದಳು.

ಪಡಸಾಲೆಯಲ್ಲಿ ಗಂಡ ಮುಖ ನೋಡಿಯೇ ತಿಳಿದುಕೊಂಡು, "ಉಳೀತಾ? ಉಳೀತಲ್ವಾ?" ಎಂದು ಮಗುವನ್ನು ಗಾಳಿಗೆ ಎತ್ತಿದ. ಕಾವಲುಗಾರನ ಕೊಠಡಿಯ ಹಿಂದೆ ಕೂತು ಅವಳು ಮಗುವಿಗೆ ಹಾಲು ಕೊಟ್ಟಳು. ಡಾಕಿನಲ್ಲಿ ಸುತ್ತಿಗೆಯ ಸದ್ದು ಬರುತ್ತಿತ್ತು, ಗಾಳಿ ಅವಳ ಕಡೆಗೇ ಬೀಸುತ್ತಿತ್ತು. ಅವಳು ಬಾಯಿಂದ ಉಸಿರಾಡುತ್ತ ಕೂತಳು. ಬಿಲ್ಲೆ ವಾಪಸ್ಸು ಕೊಡುವುದು ಮರೆತು, ಬಸ್ಸಿನಲ್ಲಿ ನೋಡಿಕೊಂಡರೆ ಇನ್ನೂ ಶಾಲಿನಲ್ಲಿತ್ತು.

ಮನೆಯಲ್ಲಿ ಅತ್ತೆ ಸುದ್ದಿ ಕೇಳಿ ಕಣ್ಣೊರೆಸಿಕೊಂಡಳು, ಮಗುವಿಗೆ ದೃಷ್ಟಿ ತಾಗದಿರಲೆಂದು ಬೆರಳು ಮುರಿದಳು, ಎಲ್ಲರಿಗೂ ಚಹಾ ಎಂದು ಒಳಗೆ ಹೋದಳು. ಮತ್ತೆ ಪಾತ್ರೆ ಹಿಡಿದು ಬಂದಳು. "ಗಾಬರೀಲಿ ಹಾಲು ಖರ್ಚೇ ಮಾಡ್ಲಿಲ್ಲ ಕಣೇ. ಇನ್ನೂ ಸರಿ ಇದ್ಯಾ ನೋಡು." ಅವಳು ಬಗ್ಗಿದಳು. ಹುಳಿ ಸ್ಪಷ್ಟವಾಗಿ ಬಂತು, ಬೆಳಿಗ್ಗೆ ಅವಳೇ ಹೇಳಿದ್ದ ಹಾಗೆ, ಹೇಳಿದ್ದ ಹೊತ್ತಿಗೆ. ಬಂತು ಎನ್ನುವುದಕ್ಕೆ ಮುಂಚೆ ತಲೆಯೆತ್ತಿ ಅತ್ತೆಯ ಮುಖ ನೋಡಿದಳು, ಅಲ್ಲಿ ಯಾವ ಉತ್ತರ ಬೇಕಾಗಿದೆಯೆಂದು ಹುಡುಕುವವಳಂತೆ. ಅತ್ತೆಯ ಮುಖದಲ್ಲಿ ಚಹಾ ಮಾಡುವ ಆತುರ ಮಾತ್ರ ಇತ್ತು. "ನಂಗೇನೂ ಗೊತ್ತಾಗ್ತಿಲ್ಲ ಅತ್ತೆ. ನೀವೇ ನೋಡಿ" ಎಂದಳು. ಅತ್ತೆ ನಕ್ಕಳು. "ನಂಗೇನು ಗೊತ್ತಾಗುತ್ತೆ, ನೀನು ಕೆಟ್ಟಿದೆ ಅನ್ಲಿಲ್ಲ ಅಂದ್ರೆ ಚೆನ್ನಾಗೇ ಇರುತ್ತೆ." ಒಲೆ ಹೊತ್ತಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅತ್ತೆ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಸೌಟು, ಸೌಟಿನಲ್ಲಿ ಒಡೆದ ಹಾಲಿನ ಗಂಟು. "ಒಡೆದುಹೋಯ್ತಲ್ಲೇ" ಎಂದಳು. ಬೈಗುಳವಿರಲಿಲ್ಲ ಆ ಮಾತಿನಲ್ಲಿ. ಕತ್ತಲಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ ನಿಂತಿದ್ದಳು ಅತ್ತೆ. ಗಂಡ, "ಹೋಗ್ಲಿ ಬಿಡಮ್ಮಾ, ಪ್ಯಾಕೆಟ್ ತರ್ತೀನಿ" ಎಂದು ಎದ್ದ.

ಮರುದಿನ ಬೆಳಿಗ್ಗೆ ಅತ್ತೆ ಪಾತ್ರೆಯನ್ನು ಅವಳ ಹತ್ತಿರ ತರಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ನೀರು ಕುಡಿಯಲು ಹೋದವಳಿಗೆ, ಕಿಟಕಿಯ ಬೆಳಕಿನಲ್ಲಿ ಬೆನ್ನು ಮಾಡಿ ನಿಂತ ಅತ್ತೆ ಪಾತ್ರೆಗೆ ಬಗ್ಗಿ, ತಾನೇ ಮೂಸಿ, ನಂಬಿಕೆಯಾಗದೆ ಮತ್ತೊಮ್ಮೆ 
ಮೂಸುತ್ತಿದ್ದುದು ಕಾಣಿಸಿತು.